ನಮ್ಮ ವೆಬ್‌ಸೈಟು ಏಪ್ರಿಲ್ 14ಕ್ಕೇ ಯಾಕೆ ಮಲಗ್ತಿತ್ತು?



ಉದ್ದದ ಪೋಸ್ಟು, ಮೊದಲೇ ಹೇಳಿಬಿಡ್ತೀನಿ. ಟೆಕ್ನಿಕಲ್ ವಿಷಯ ಅಂತ ಸ್ಕ್ರೋಲ್ ಮಾಡ್ಕೊಂಡು ಹೋಗ್ಬೇಡಿ. ಫೆಬ್ರವರಿಯಲ್ಲಿ ನಮ್ಮ ಬಳಗದ ವೆಬ್‌ಸೈಟಿಗೆ ಸಿಡಿಎನ್ ಹಾಕಿದ್ವಿ. ಸಿಡಿಎನ್ ಅಂದ್ರೆ ಕಂಟೆಂಟ್ ಡೆಲಿವರಿ ನೆಟ್‌ವರ್ಕ್. ಈ ಸಲ ಬಾಬಾಸಾಹೇಬರ ಜಯಂತಿ ದಿನ ಸೈಟು ಬೀಳಲಿಲ್ಲ ಅನ್ನೋದನ್ನ ನೋಡಿ ಮೂರ್ನಾಲ್ಕು ಜಿಲ್ಲೆಯ ಸಂಗಾತಿಗಳು ಫೋನ್ ಮಾಡಿ ‘ಅಕ್ಕ, ನಮ್ದೂ ಒಂದು ಸೈಟಿದೆ, ನಮಗೂ ಹೇಳ್ಕೊಡಿ’ ಅಂದ್ರು. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೆದುಬಿಡೋಣ ಅಂತ ಕೂತೆ. ನಾನು ಎಂಜಿನಿಯರ್ ಅಲ್ಲ. ಬಿಎ ಓದಿ ಕಚೇರಿಯಲ್ಲಿ ಗುಮಾಸ್ತೆಯಾಗಿರೋಳು. ನನಗೆ ಗೊತ್ತಿರೋ ಭಾಷೆ ಫೈಲು, ಟಪಾಲು, ರೆಕಾರ್ಡ್ ರೂಮಿನ ಭಾಷೆ. ಅದರಲ್ಲೇ ಹೇಳ್ತೀನಿ.

ನಮ್ಮ ಸೈಟು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. 1973ರ ಬೂಸಾ ಪ್ರಕರಣದ ಕಾಲದ ಕರಪತ್ರಗಳು, ‘ಪಂಚಮ’ದ ಸಿಕ್ಕಷ್ಟು ಹಳೇ ಸಂಚಿಕೆಗಳು, 2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನರನ್ನ ಸುಟ್ಟು ಕೊಂದ ಮೇಲೆ ಬಂದ ವರದಿಗಳು, ಹಿರಿಯರ ಟ್ರಂಕಿನಲ್ಲಿ ಗೆದ್ದಲು ಹಿಡಿಯೋ ಮೊದಲು ಸ್ಕ್ಯಾನ್ ಮಾಡಿ ಹಾಕಿದ್ದು. ಆದರೆ ಜನ ಹೆಚ್ಚು ಡೌನ್‌ಲೋಡ್ ಮಾಡ್ಕೊಳ್ಳೋದು ಇದ್ಯಾವುದೂ ಅಲ್ಲ, ಅರ್ಜಿ ನಮೂನೆಗಳು. ಪಿಟಿಸಿಎಲ್ ಕಾಯ್ದೆಯಡಿ ಜಮೀನು ವಾಪಸ್ ಕೇಳೋಕೆ ಉಪವಿಭಾಗಾಧಿಕಾರಿಗೆ ಕೊಡೋ ಅರ್ಜಿ, ಅಲ್ಲಿ ಸೋತರೆ ಡಿಸಿಗೆ ಹಾಕೋ ಮೇಲ್ಮನವಿ, ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ಠಾಣೆಗೆ ಕೊಡೋ ದೂರು. ಮೂವರು ವಕೀಲ ಗೆಳೆಯರು ಕೂತು ತಯಾರು ಮಾಡಿಕೊಟ್ಟ ನಮೂನೆಗಳವು. ನಮ್ಮ ಸೈಟಿನ ಜೀವ ಇರೋದೇ ಅಲ್ಲಿ.

ಇಷ್ಟೆಲ್ಲ ಕೂತಿರೋದು ಒಂದು ಶೇರ್ಡ್ ಹೋಸ್ಟಿಂಗಿನಲ್ಲಿ. ಅಂದ್ರೆ ಒಂದೇ ಕಂಪ್ಯೂಟರಿನಲ್ಲಿ ನೂರಾರು ಜನರ ಸೈಟುಗಳು, ವಠಾರದ ಮನೆ ಥರ. ಬಾಡಿಗೆ ಕಡಿಮೆ, ನಲ್ಲಿ ಒಂದೇ. ಕಂಪ್ಯೂಟರ್ ಇರೋದು ಅಮೆರಿಕದಲ್ಲಿ. ವರ್ಷವಿಡೀ ದಿನಕ್ಕೆ ನೂರಿನ್ನೂರು ಜನ ಬಂದು ಹೋಗ್ತಾರೆ, ಏನೂ ತೊಂದರೆ ಇಲ್ಲ. ಏಪ್ರಿಲ್ 14 ಬಂತು, ಡಿಸೆಂಬರ್ 6 ಬಂತು ಅಂದ್ರೆ ವಾಟ್ಸಾಪ್ ಗ್ರೂಪುಗಳಲ್ಲಿ ಲಿಂಕು ಓಡುತ್ತೆ, ಭಾಷಣಕ್ಕೆ ಓದ್ಕೊಳ್ಳೋರು, ಬ್ಯಾನರಿಗೆ ಫೋಟೊ ಹುಡುಕೋರು, ಹಾಸ್ಟೆಲ್ ಹುಡುಗರು ಎಲ್ಲ ಒಟ್ಟಿಗೆ ಬರ್ತಾರೆ. ಆಗ ಬಿಳೀ ಪರದೆ ಮೇಲೆ ಒಂದೇ ಸಾಲು: 508, ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್. ನಮ್ಮ ಪಾಲಿನ ನಲ್ಲಿ ಬಂದ್ ಅಂತ ಅದರರ್ಥ. ಎರಡು ವರ್ಷ ಹೀಗೇ ಆಯ್ತು. ಹೋದ ವರ್ಷ ಹೋಸ್ಟಿಂಗಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಖಾತೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದ್ರು. ಕೇಳಿದ್ದಕ್ಕೆ ಬಂದ ಉತ್ತರ: ದೊಡ್ಡ ಪ್ಲಾನಿಗೆ ಬನ್ನಿ. ದೊಡ್ಡ ಪ್ಲಾನು ನಮ್ಮ ಈಗಿನ ಬಾಡಿಗೆಯ ಆರರಷ್ಟು. ವರ್ಷಕ್ಕೆ ಎರಡು ದಿನ ಬರೋ ನೆಂಟರಿಗಾಗಿ ವರ್ಷಪೂರ್ತಿ ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿಯೋಕಾಗುತ್ತಾ?

ಖಾತೆ ನಿಂತಿದ್ದ ಆ ಏಪ್ರಿಲ್ 15ರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಹುಡುಗ ಫೋನ್ ಮಾಡಿದ. ‘ಅಕ್ಕ, ನಿಮ್ ವೆಬ್‌ಸೈಟು ಓಪನ್ನೇ ಆಗ್ತಿಲ್ಲ, ನಾನು ಎಸಿ ಆಫೀಸ್ ಮುಂದೇನೇ ನಿಂತಿದೀನಿ.’ ಅವನ ತಾತನಿಗೆ ಮಂಜೂರಾಗಿದ್ದ ಎರಡೆಕರೆ, ಸಾಲದ ಹೆಸರಲ್ಲಿ ಊರ ಗೌಡರ ಪಾಲಾಗಿ ಬಹಳ ವರ್ಷ ಆಗಿತ್ತು. ತಡವಾಗಿ ಬಂದಿದೀರಿ ಅನ್ನೋ ಒಂದೇ ಕಾರಣಕ್ಕೆ ಇಂಥ ಅರ್ಜಿಗಳು ವಜಾ ಆಗ್ತಿದ್ದದ್ದು ನಿಮಗೆಲ್ಲ ಗೊತ್ತು. ಅದಕ್ಕಾಗಿ ಎಷ್ಟು ದಿನ ಧರಣಿ ಕೂತ್ವಿ ಅನ್ನೋದೂ ಗೊತ್ತು. 2023ರಲ್ಲಿ ತಿದ್ದುಪಡಿ ಆಗಿ ಕಾಲಮಿತಿ ಅಡ್ಡ ಬರಲ್ಲ ಅಂತ ಆದ ಮೇಲೆ ಇವನಿಗೆ ಧೈರ್ಯ ಬಂದು, ಕೂಲಿ ಬಿಟ್ಟು, ಬಸ್ ಹತ್ತಿ ಬಂದಿದ್ದ. ಕೈಯಲ್ಲಿ ಮಂಜೂರಾತಿ ಆದೇಶದ ಜೆರಾಕ್ಸ್ ಇತ್ತು. ಬೇಕಿದ್ದದ್ದು ನಮ್ಮ ನಮೂನೆ ಮಾತ್ರ. ನನ್ನ ಫೋನಲ್ಲಿ ಇರಲಿಲ್ಲ, ನಾನು ಕಚೇರಿಯಲ್ಲಿದ್ದೆ, ಫೈಲು ಮನೆಯ ಕಂಪ್ಯೂಟರಿನಲ್ಲಿ. ಅವನು ಕೊನೆಗೆ ಗೇಟಿನ ಹೊರಗೆ ಕೂತಿದ್ದ ಬರವಣಿಗೆಯವನಿಗೆ 1500 ರೂಪಾಯಿ ಕೊಟ್ಟು ಅರ್ಜಿ ಬರೆಸಿದ. ಮಂಜೂರಾತಿಯಲ್ಲಿದ್ದ ಪರಭಾರೆ ನಿಷೇಧದ ಷರತ್ತನ್ನೇ ಬರೆದಿರಲಿಲ್ಲ ಆ ಪುಣ್ಯಾತ್ಮ. ಆಮೇಲೆ ತಿದ್ದಿ ಹೊಸದಾಗಿ ಹಾಕಿಸಿದ್ವಿ. ಮೂರು ದಿನದ ಕೂಲಿ, 1500 ರೂಪಾಯಿ, ಎರಡು ಸಲದ ಬಸ್ ಚಾರ್ಜು. ವೆಬ್‌ಸೈಟು ನಿಧಾನ ಆದ್ರೆ ಏನು ಮಹಾ ಅನ್ನೋರಿಗೆ ನಾನು ಕೊಡೋ ಲೆಕ್ಕ ಇದು.

ಈಗ ಸಿಡಿಎನ್ ಅಂದ್ರೇನು ಅಂತ ನೋಡೋಣ.

ಕಚೇರಿಯ ರೆಕಾರ್ಡ್ ರೂಮು ನೆನಪಿಸ್ಕೊಳ್ಳಿ. ಒಂದು ಸುತ್ತೋಲೆ ಬೇಕು ಅಂತ ದಿನಕ್ಕೆ ಐವತ್ತು ಜನ ಬರ್ತಾರೆ. ಒಬ್ಬೊಬ್ಬರಿಗೂ ಹಿಂದಿನ ಕೋಣೆಗೆ ಹೋಗಿ, ಬೀಗ ತೆಗೆದು, ಕಟ್ಟು ಬಿಚ್ಚಿ ತಂದುಕೊಡ್ತಾ ಕೂತ್ರೆ ರೆಕಾರ್ಡ್ ಕೀಪರು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಮಲಗ್ತಾನೆ. ಬುದ್ಧಿ ಇರೋ ಗುಮಾಸ್ತ ಏನ್ಮಾಡ್ತಾನೆ? ಒಂದು ಸಲ ತಂದು ಇಪ್ಪತ್ತು ಜೆರಾಕ್ಸ್ ತೆಗೆಸಿ ಮುಂದಿನ ಟೇಬಲ್ ಮೇಲೆ ಇಡ್ತಾನೆ. ಇನ್ನೂ ಬುದ್ಧಿ ಇದ್ರೆ ಒಂದೊಂದು ಕಟ್ಟನ್ನ ಪ್ರತಿ ತಾಲ್ಲೂಕು ಕಚೇರಿಗೂ ಕಳಿಸಿಬಿಡ್ತಾನೆ. ಜನ ಜಿಲ್ಲಾ ಕೇಂದ್ರಕ್ಕೆ ಬರೋದೇ ಬೇಡ. ಸಿಡಿಎನ್ ಇಷ್ಟೇ. ಮೂಲ ಪ್ರತಿ ನಮ್ಮ ಹೋಸ್ಟಿಂಗಿನಲ್ಲೇ ಇರುತ್ತೆ. ನಕಲು ಪ್ರತಿಗಳು ಊರೂರಿನ ಡೇಟಾ ಸೆಂಟರುಗಳಲ್ಲಿ ಕೂತಿರುತ್ತವೆ. ನಮ್ಮ ಓದುಗ ಯಾವ ಊರಿಗೆ ಹತ್ತಿರವೋ ಅಲ್ಲಿಂದ ಅವನಿಗೆ ಪ್ರತಿ ಹೋಗುತ್ತೆ. ನಕಲಿಗೆ ಕ್ಯಾಶ್ ಅಂತಾರೆ (ದುಡ್ಡಿನ ಕ್ಯಾಶಲ್ಲ ಮತ್ತೆ), ಅದು ಎಷ್ಟು ಹೊತ್ತು ಚಾಲ್ತಿಯಲ್ಲಿರಬೇಕು ಅನ್ನೋ ಅವಧಿಗೆ ಟಿಟಿಎಲ್ ಅಂತಾರೆ. ಮೂಲ ಆದೇಶ ತಿದ್ದುಪಡಿ ಆಯ್ತು ಅಂದ್ರೆ ಹಳೇ ಜೆರಾಕ್ಸ್ ಎಲ್ಲ ಹರಿದು ಹಾಕಬೇಕಲ್ಲ, ಅದಕ್ಕೆ ಪರ್ಜ್ ಅಂತಾರೆ.

ದೂರ ಅನ್ನೋದು ಸುಮ್ನೆ ಮಾತಲ್ಲ. ಗಾಜಿನ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತೆ. ಬೆಂಗಳೂರಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ಹಾದಿ ಹಿಡಿದ್ರೂ 14,000 ಕಿಲೋಮೀಟರು. ಹೋಗಿ ಬರೋಕೆ 28,000. ಅಂದ್ರೆ ಬೆಳಕೇ ಓಡಿದ್ರೂ 0.14 ಸೆಕೆಂಡು, ಸಮುದ್ರದ ಕೇಬಲು ಸುತ್ತಿ ಬಳಸಿ ಹೋಗೋದ್ರಿಂದ ನಿಜದಲ್ಲಿ ಇನ್ನೂ ಜಾಸ್ತಿ. ಒಂದು ಪುಟ ತೆಗೆಯೋಕೆ ಒಂದು ಸಲ ಹೋಗಿ ಬಂದ್ರೆ ಸಾಲದು. ಮೊದಲು ಸಂಪರ್ಕ ಕೇಳಬೇಕು, ಆಮೇಲೆ ಬೀಗದ ಕೀಲಿ ಬದಲಾಯಿಸ್ಕೋಬೇಕು, ಆಮೇಲೆ ಪುಟ ಕೇಳಬೇಕು, ಪುಟ ಬಂದ ಮೇಲೆ ಅದರೊಳಗಿನ ಚಿತ್ರ, ಫಾಂಟು ಕೇಳಬೇಕು. ಒಂದು ಕೆಲಸಕ್ಕೆ ನಾಲ್ಕು ಸಲ ತಾಲ್ಲೂಕು ಕಚೇರಿಗೆ ಅಲೆದಾಡಿಸೋ ಹಾಗೆ. ಬೆಂಗಳೂರಲ್ಲೇ ಪ್ರತಿ ಇದ್ರೆ ಅಷ್ಟೇ ಅಲೆದಾಟ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಈ ವಿದ್ಯೆಯನ್ನ ದೊಡ್ಡದಾಗಿ ವ್ಯಾಪಾರ ಮಾಡಿದ್ದು ಅಕಾಮಾಯ್ ಅನ್ನೋ ಕಂಪನಿ. 1998ರಲ್ಲಿ ಎಂಐಟಿಯ ಗಣಿತದ ಪ್ರೊಫೆಸರ್ ಟಾಮ್ ಲೈಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಶುರು ಮಾಡಿದ್ದು. ಲೆವಿನ್ 2001ರ ಸೆಪ್ಟೆಂಬರ್ 11ರ ವಿಮಾನ ದಾಳಿಯಲ್ಲಿ ಸತ್ತುಹೋದ. ಅವತ್ತು ಇಡೀ ಜಗತ್ತು ಸುದ್ದಿ ಸೈಟುಗಳಿಗೆ ಮುಗಿಬಿದ್ದಿತ್ತು.

ನನಗೆ ಇದನ್ನೆಲ್ಲ ಓದುವಾಗ ಮಹಾಡ್ ನೆನಪಾಯ್ತು. ಚೌದಾರ್ ಕೆರೆಯಂಥ ಸಾರ್ವಜನಿಕ ನೀರಿನ ತಾಣಗಳು ಎಲ್ಲರಿಗೂ ತೆರೆದಿರಬೇಕು ಅಂತ ಮುಂಬೈ ಶಾಸನ ಪರಿಷತ್ತು ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನ 1923ರಲ್ಲೇ ಒಪ್ಪಿತ್ತು. ಮಹಾಡ್ ಪುರಸಭೆ 1924ರಲ್ಲಿ ತಾನೂ ಠರಾವು ಮಾಡಿತ್ತು. ಕಾಗದದ ಮೇಲೆ ಕೆರೆ ಸಾರ್ವಜನಿಕ. ಆದರೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನ ಕರ್ಕೊಂಡು ಹೋಗಿ ಬೊಗಸೆಯಲ್ಲಿ ನೀರು ಎತ್ತೋ ತನಕ ಯಾರಿಗೂ ಒಂದು ಹನಿ ಸಿಕ್ಕಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಹಾಕಿದೀವಿ, ಎಲ್ರಿಗೂ ಸಿಗುತ್ತೆ ಅನ್ನೋದು ಪುರಸಭೆಯ ಠರಾವಿನ ಥರದ ಮಾತು. ಆರು ಸಾವಿರ ರೂಪಾಯಿ ಫೋನಿನಲ್ಲಿ, ಟವರ್ ಒಂದು ಕಡ್ಡಿ ತೋರಿಸೋ ಕಾಲೊನಿಯಲ್ಲಿ, ದಿನದ ಡೇಟಾ ಮುಗಿಯೋ ಹೊತ್ತಲ್ಲಿ ಆ ಪುಟ ತೆರೆಯುತ್ತಾ ಅಂತ ಕೇಳ್ಬೇಕು.

ಸರಿ, ಕೆಲಸಕ್ಕೆ ಬರ್ತೀನಿ. ನಾವು ಆಯ್ಕೆ ಮಾಡಿದ್ದು ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನು. ಬನ್ನಿ ಅಂತ ಇನ್ನೊಂದು ಕಂಪನಿ ಇದೆ, ಹೆಸರಲ್ಲೇ ಬಾಯ್ತುಂಬಾ ಕರೆಯುತ್ತೆ. ಅಲ್ಲಿ ತಿಂಗಳಿಗೆ ಕನಿಷ್ಠ 1 ಡಾಲರ್ ಕೊಡಬೇಕು. ದುಡ್ಡು ದೊಡ್ಡದಲ್ಲ, ಆದರೆ ಡಾಲರಿನಲ್ಲಿ ಕಟ್ಟೋಕಾಗುವ ಕಾರ್ಡು ನಮ್ಮ ಖಜಾಂಚಿ ಹತ್ರ ಇಲ್ಲ. ಹಾಗಾಗಿ ಉಚಿತದ್ದಕ್ಕೇ ಹೋದ್ವಿ.

ಖಾತೆ ತೆರೆದು ಸೈಟಿನ ಹೆಸರು ಕೊಟ್ರೆ ಅದು ನಮ್ಮ ಹಳೇ ಡಿಎನ್‌ಎಸ್ ದಾಖಲೆಗಳನ್ನ ತಾನೇ ಹುಡುಕಿ ಪಟ್ಟಿ ಮಾಡುತ್ತೆ. ಡಿಎನ್‌ಎಸ್ ಅಂದ್ರೆ ಟಪಾಲು ವಿಭಾಗದ ವಿಳಾಸದ ಪುಸ್ತಕ. ಈ ಹೆಸರಿನ ಪತ್ರ ಬಂದ್ರೆ ಯಾವ ಕೋಣೆಗೆ ಕಳಿಸಬೇಕು ಅಂತ ಬರೆದಿರೋದು. ಇಲ್ಲಿ ಅವಸರ ಮಾಡ್ಬೇಡಿ. ಅದು ಹುಡುಕಿದ ಪಟ್ಟಿಯಲ್ಲಿ ಎಲ್ಲವೂ ಇರುತ್ತೆ ಅಂತ ಇಲ್ಲ. ಹೋಸ್ಟಿಂಗಿನ ಪ್ಯಾನೆಲಿಗೆ ಹೋಗಿ ಅಲ್ಲಿನ ಪಟ್ಟಿ ಪಕ್ಕಕ್ಕಿಟ್ಟು ಒಂದೊಂದೇ ಸಾಲು ಟಿಕ್ ಹಾಕ್ತಾ ಹೋಗಿ, ಇನ್‌ವರ್ಡ್ ರಿಜಿಸ್ಟರ್ ತಾಳೆ ನೋಡೋ ಹಾಗೆ. ಮುಖ್ಯವಾಗಿ ಎಂಎಕ್ಸ್ ಅನ್ನೋ ಸಾಲುಗಳು, ಟಿಎಕ್ಸ್‌ಟಿ ಅನ್ನೋ ಸಾಲುಗಳು. ಇವು ತಪ್ಪಿದ್ರೆ ಸೈಟು ಚೆನ್ನಾಗೇ ಇರುತ್ತೆ, ಇಮೇಲು ಮಾತ್ರ ಸದ್ದಿಲ್ಲದೆ ನಿಂತುಹೋಗುತ್ತೆ, ವಾರದ ಮೇಲೆ ಗೊತ್ತಾಗುತ್ತೆ. ನಾವು ಒಂದು ಸಂಜೆ ಪೂರ್ತಿ ಇದಕ್ಕೇ ಇಟ್ವಿ.

ಪ್ರತಿ ಸಾಲಿನ ಪಕ್ಕ ಒಂದು ಮೋಡದ ಗುರುತು ಇರುತ್ತೆ. ಕಿತ್ತಳೆ ಮೋಡ ಅಂದ್ರೆ ಬರೋರೆಲ್ಲ ಕ್ಲೌಡ್‌ಫ್ಲೇರ್ ಮೂಲಕ ಬರ್ತಾರೆ, ನಕಲು ಪ್ರತಿ ಸಿಗುತ್ತೆ. ಬೂದು ಮೋಡ ಅಂದ್ರೆ ಬರೀ ವಿಳಾಸ ಹೇಳಿ ಕಳಿಸುತ್ತೆ, ನೇರ ನಮ್ಮ ಹೋಸ್ಟಿಂಗಿಗೆ. ವೆಬ್‌ಸೈಟಿನ ಹೆಸರಿಗೆ, ಡಬ್ಲ್ಯೂಡಬ್ಲ್ಯೂಡಬ್ಲ್ಯೂಗೆ ಕಿತ್ತಳೆ. ಮೇಲ್ ಸರ್ವರಿನ ಹೆಸರಿಗೆ, ಎಫ್‌ಟಿಪಿಗೆ ಬೂದು. ಅವೆರಡೂ ಕಿತ್ತಳೆಯಲ್ಲಿ ಕೆಲಸ ಮಾಡಲ್ಲ.

ಆಮೇಲೆ ಅವರು ಎರಡು ನೇಮ್‌ಸರ್ವರ್ ಹೆಸರು ಕೊಡ್ತಾರೆ. ಡೊಮೈನ್ ಎಲ್ಲಿ ಕೊಂಡಿದ್ವೋ ಅಲ್ಲಿಗೆ ಹೋಗಿ ಹಳೇದನ್ನ ತೆಗೆದು ಇವೆರಡನ್ನ ಹಾಕಬೇಕು. ಅಲ್ಲಿ ಡಿಎನ್‌ಎಸ್‌ಸೆಕ್ ಅಂತ ಒಂದು ಗುಂಡಿ ಆನ್ ಆಗಿದ್ರೆ ಮೊದಲು ಆಫ್ ಮಾಡಿ, ಇಲ್ಲಾಂದ್ರೆ ಸೈಟು ಕೆಲವರಿಗೆ ಕಾಣದೇ ಹೋಗುತ್ತೆ. ಎಲ್ಲ ಮುಗಿದ ಮೇಲೆ ಬೇಕಾದ್ರೆ ಹೊಸದಾಗಿ ಆನ್ ಮಾಡ್ಕೋಬಹುದು. ಬದಲಾವಣೆ ಜಗತ್ತಿನ ಎಲ್ಲ ಮೂಲೆಗೂ ಮುಟ್ಟೋಕೆ ಒಂದು ದಿನ, ಎರಡು ದಿನ ಅಂತಾರೆ. ನಮಗೆ ಊಟ ಮುಗಿಸಿ ಬರೋದ್ರೊಳಗೆ ಆಗಿತ್ತು. ಆದ್ರೂ ಏಪ್ರಿಲ್ 13ರ ರಾತ್ರಿ ಮಾತ್ರ ಈ ಕೆಲಸಕ್ಕೆ ಕೈ ಹಾಕ್ಬೇಡಿ.

ಇಲ್ಲಿ ಒಂದು ಗುಂಡಿ ಇದೆ, ಅರ್ಧ ಜನರ ಸೈಟು ಬೀಳೋದು ಅಲ್ಲೇ. ಎಸ್‌ಎಸ್‌ಎಲ್ ಅನ್ನೋ ವಿಭಾಗದಲ್ಲಿ ಫ್ಲೆಕ್ಸಿಬಲ್, ಫುಲ್, ಫುಲ್ ಸ್ಟ್ರಿಕ್ಟ್ ಅಂತ ಆಯ್ಕೆಗಳಿವೆ. ಫ್ಲೆಕ್ಸಿಬಲ್ ಅಂದ್ರೆ ಓದುಗನಿಂದ ಕ್ಲೌಡ್‌ಫ್ಲೇರ್ ತನಕ ಲಕೋಟೆ ಅಂಟಿಸಿರುತ್ತೆ, ಅಲ್ಲಿಂದ ನಮ್ಮ ಹೋಸ್ಟಿಂಗಿಗೆ ಬಿಚ್ಚಿದ ಕಾಗದ ಹೋಗುತ್ತೆ. ನಮ್ಮ ಹೋಸ್ಟಿಂಗು ‘ಬಿಚ್ಚಿದ ಕಾಗದ ತಗೊಳಲ್ಲ, ಲಕೋಟೆಯಲ್ಲಿ ತನ್ನಿ’ ಅಂತ ವಾಪಸ್ ಕಳಿಸುತ್ತೆ. ಓದುಗ ಲಕೋಟೆಯಲ್ಲೇ ತರ್ತಾನೆ, ಮಧ್ಯದವರು ಬಿಚ್ಚಿ ಕೊಡ್ತಾರೆ, ಇವರು ವಾಪಸ್ ಕಳಿಸ್ತಾರೆ. ಕೊನೆಗೆ ಬ್ರೌಸರು ಕೈಚೆಲ್ಲಿ ‘ಟೂ ಮೆನಿ ರೀಡೈರೆಕ್ಟ್ಸ್’ ಅನ್ನುತ್ತೆ. ಸರ್ಕಾರಿ ಕಚೇರಿಗೆ ಹೋದ ಯಾರಿಗೂ ಇದನ್ನ ವಿವರಿಸಬೇಕಾಗಿಲ್ಲ ಬಿಡಿ. ಫುಲ್ ಸ್ಟ್ರಿಕ್ಟ್ ಇಡಿ. ಅದಕ್ಕೆ ನಮ್ಮ ಹೋಸ್ಟಿಂಗಿನಲ್ಲೂ ಸರಿಯಾದ ಸರ್ಟಿಫಿಕೇಟ್ ಇರಬೇಕು. ಲೆಟ್ಸ್ ಎನ್‌ಕ್ರಿಪ್ಟ್‌ನದ್ದು ಪುಕ್ಕಟೆ ಸಿಗುತ್ತೆ, ಬಹಳಷ್ಟು ಹೋಸ್ಟಿಂಗಿನವರು ಒಂದು ಗುಂಡಿ ಒತ್ತಿದ್ರೆ ಹಾಕಿಕೊಡ್ತಾರೆ.

ಇನ್ನು ಏನೇನು ನಕಲು ಆಗುತ್ತೆ ಅನ್ನೋದು. ಚಿತ್ರ, ಫಾಂಟು, ಪಿಡಿಎಫ್ ಇವೆಲ್ಲ ತಾನಾಗೇ ಆಗ್ತವೆ. ಪುಟದ ಪಠ್ಯ ಆಗಲ್ಲ, ಅದನ್ನ ಪ್ರತಿ ಸಲವೂ ಮೂಲದಿಂದಲೇ ತರುತ್ತೆ. ನಮ್ಮ ನಮೂನೆಗಳೆಲ್ಲ ಪಿಡಿಎಫ್ ಆಗಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು. ಲೇಖನಗಳ ಪುಟಗಳಿಗೆ ಕ್ಯಾಶ್ ರೂಲ್ಸ್ ಅನ್ನೋ ಕಡೆ ಬೇರೆ ನಿಯಮ ಬರೆದ್ವಿ: ಇವನ್ನೂ ಕೆಲವು ಗಂಟೆ ನಕಲು ಇಟ್ಕೋ, ಆದರೆ ಲಾಗಿನ್ ಆಗೋ ಪುಟ, ಅಡ್ಮಿನ್ ಪುಟ ಮುಟ್ಟಬೇಡ. ಆ ಎರಡನೇ ಭಾಗ ಮರೆತು ಎಲ್ಲವನ್ನೂ ನಕಲು ಮಾಡು ಅಂತ ಬರೆದ್ರೆ ಒಬ್ಬರು ಲಾಗಿನ್ ಆದಾಗಿನ ಪುಟ ಇನ್ನೊಬ್ಬರಿಗೆ ಕಾಣೋ ಅಪಾಯ ಇದೆ. ಹಾಗೇ, ಒಂದು ನಮೂನೆ ತಿದ್ದಿ ಹೊಸ ಪಿಡಿಎಫ್ ಹಾಕಿದ್ರೆ ಪರ್ಜ್ ಮಾಡೋದು ನಮ್ಮ ಕೆಲಸ. ಕಾಯ್ದೆ ತಿದ್ದುಪಡಿ ಆದ ಮೇಲೂ ಹಳೇ ನಮೂನೆ ಹಂಚ್ತಾ ಕೂರೋದು ಅರ್ಜಿ ಬರೆಯೋರ ಕಸುಬು, ನಮ್ಮದಲ್ಲ. ಫೈಲಿನ ಹೆಸರಲ್ಲೇ ಇಸವಿ ಸೇರಿಸಿದ್ರೆ ಇನ್ನೂ ಒಳ್ಳೇದು, ಹೊಸ ಹೆಸರಿಗೆ ಹಳೇ ನಕಲು ಇರೋದೇ ಇಲ್ಲ.

ಸಿಡಿಎನ್ ಹಾಕಿದ್ರೆ ಭಾರದ ಸೈಟು ಹಗುರ ಆಗುತ್ತೆ ಅಂತ ತಿಳ್ಕೋಬೇಡಿ. ಹತ್ತಿರದಿಂದ ಕೊಡುತ್ತೆ ಅಷ್ಟೇ, ನಾಲ್ಕು ಎಂಬಿ ಫೋಟೊ ನಾಲ್ಕು ಎಂಬಿಯೇ. ಓದುಗನ ಡೇಟಾ ಅಷ್ಟೇ ಖರ್ಚು. ಅದಕ್ಕೆ ನಮ್ಮ ಹುಡುಗರು ಇಬ್ಬರು ಎರಡು ಭಾನುವಾರ ಕೂತು ಕರಪತ್ರಗಳ ಫೋಟೊಗಳನ್ನೆಲ್ಲ ಸಣ್ಣದು ಮಾಡಿದ್ರು. ಮೂಲ ಸ್ಕ್ಯಾನು ಹಾರ್ಡ್ ಡಿಸ್ಕಿನಲ್ಲಿ, ಹಗುರ ಪ್ರತಿ ಸೈಟಿನಲ್ಲಿ. ನುಡಿಯಲ್ಲಿ ಟೈಪ್ ಮಾಡಿದ್ದ ಹಳೇ ಲೇಖನಗಳನ್ನ ಯಾರೋ ಪುಣ್ಯಾತ್ಮರು ಆಗ ಅಕ್ಷರ ಒಡೆಯುತ್ತೆ ಅಂತ ಚಿತ್ರ ಮಾಡಿ ಹಾಕಿದ್ರು. ಅವನ್ನ ಯುನಿಕೋಡಿಗೆ ತಂದ ಮೇಲೆ ಒಂದೊಂದು ಪುಟ ಬೆಟ್ಟದಿಂದ ಬೆಣಚುಕಲ್ಲಾಯ್ತು. ಗೂಗಲ್ಲಿನಲ್ಲಿ ಹುಡುಕಿದ್ರೆ ಈಗ ಸಿಗ್ತವೆ ಕೂಡ.

ಒಂದು ಸೆಟ್ಟಿಂಗ್ ಬಗ್ಗೆ ಮಾತ್ರ ನಾನು ಹಟ ಮಾಡಿದೆ. ಕಳ್ಳ ಯಂತ್ರಗಳನ್ನ ತಡೆಯೋಕೆ ಬರೋರನ್ನ ನಿಲ್ಲಿಸಿ ‘ನೀವು ಮನುಷ್ಯರು ಅಂತ ಸಾಬೀತು ಮಾಡಿ’ ಅಂತ ಕೇಳೋ ವ್ಯವಸ್ಥೆ ಇದೆ. ನಮ್ಮ ಜನಕ್ಕೆ ಈ ಪ್ರಶ್ನೆ ಹೊಸದಲ್ಲ. ಸಾವಿರಾರು ವರ್ಷದಿಂದ ಉತ್ತರ ಕೊಡ್ತಾನೇ ಇದೀವಿ. ನಮ್ಮದೇ ವೆಬ್‌ಸೈಟಿನ ಬಾಗಿಲಲ್ಲೂ ಕೇಳಬೇಕಾ? ಸಭೆಯಲ್ಲಿ ಹೀಗಂದಾಗ ಎಲ್ರೂ ನಕ್ಕರು, ಆದರೆ ಕಾರಣ ಬೇರೇನೂ ಇದೆ. ಮೊಬೈಲ್ ಕಂಪನಿಗಳು ಸಾವಿರಾರು ಜನರನ್ನ ಒಂದೇ ಐಪಿ ವಿಳಾಸದಿಂದ ಹೊರಗೆ ಬಿಡ್ತವೆ. ಅದರಲ್ಲಿ ಒಬ್ಬ ತರಲೆ ಮಾಡಿದ್ರೆ ಆ ವಿಳಾಸದ ಎಲ್ರ ಮೇಲೂ ಅನುಮಾನ ಬರುತ್ತೆ. ಕೇರಿಯ ಒಬ್ಬನ ಮೇಲೆ ದೂರು ಬಂದ್ರೆ ಇಡೀ ಕೇರಿಯನ್ನ ಠಾಣೆಗೆ ಕರೆಸೋ ಹಾಗೆ. ಹಳೇ ಫೋನಿನ ಬ್ರೌಸರುಗಳಲ್ಲಿ ಆ ಪರೀಕ್ಷೆ ಮುಗಿಯದೇ ಸುತ್ತುತ್ತಾ ಇರೋದೂ ಉಂಟು. ಅದಕ್ಕೆ ಭದ್ರತೆಯ ಮಟ್ಟ ಕೆಳಗಿಟ್ಟಿದೀವಿ. ನಿಜವಾದ ದಾಳಿ ಬಂದ್ರೆ ‘ಅಂಡರ್ ಅಟ್ಯಾಕ್’ ಅನ್ನೋ ಗುಂಡಿ ಇದೆ, ಒತ್ತಿ, ಮುಗಿದ ಮೇಲೆ ತೆಗೆದುಬಿಡೋದು. ಅಡ್ಮಿನ್ ಲಾಗಿನ್ ಪುಟಕ್ಕೆ ಮಾತ್ರ ಬಿಗಿ ಕಾವಲು.

ನಮ್ಮ ಬಳಗದ ಹಿರಿಯರೊಬ್ಬರು ಈ ಇಡೀ ಯೋಜನೆಯನ್ನೇ ವಿರೋಧಿಸಿದ್ರು. ‘ಅಲ್ಲಮ್ಮ, ನಮ್ಮ ಚಳವಳಿಯ ದಾಖಲೆ ಹಂಚೋಕೆ ಅಮೆರಿಕದ ಬಂಡವಾಳಗಾರನ ಅಂಗಡಿ ಮುಂದೆ ಕೈಚಾಚಬೇಕಾ?’ ಅಂತ. ಅವರ ಮಾತು ತಳ್ಳಿಹಾಕೋ ಅಂಥದ್ದಲ್ಲ. 1920ರ ಜನವರಿ 31ಕ್ಕೆ ‘ಮೂಕನಾಯಕ’ ಹೊರಬಂದಾಗ ದುಡ್ಡು ಕೊಟ್ರೂ ಜಾಹೀರಾತು ಹಾಕೋಕೆ ಒಪ್ಪಲಿಲ್ಲ ‘ಕೇಸರಿ’. ಹಂಚೋ ದಾರಿ ಇನ್ನೊಬ್ಬರ ಕೈಯಲ್ಲಿದ್ರೆ ಏನಾಗುತ್ತೆ ಅಂತ ನಮಗೆ ಗೊತ್ತಿರೋ ಮೊದಲ ಪಾಠ ಅದು. 2017ರ ಆಗಸ್ಟಿನಲ್ಲಿ ಕ್ಲೌಡ್‌ಫ್ಲೇರ್ ಒಂದು ನವನಾಜಿ ಸೈಟನ್ನ ಹೊರಹಾಕಿತು. ನಾಜಿಗಳು ತಾನೇ, ಹೋಗಲಿ ಅಂತ ನಾನೂ ಖುಷಿಪಟ್ಟೆ. ಆದರೆ ಆ ತೀರ್ಮಾನ ತಗೊಂಡದ್ದು ಆ ಕಂಪನಿಯ ಮುಖ್ಯಸ್ಥ ಮ್ಯಾಥ್ಯೂ ಪ್ರಿನ್ಸ್, ಕೋರ್ಟಲ್ಲ. ಅದು ಅಪಾಯಕಾರಿ ಅಂತ ಆತನೇ ಹೇಳಿಕೊಂಡ. ನಾಳೆ ಯಾರೋ ಸಾವಿರ ಜನ ಸೇರಿ ನಮ್ಮ ಸೈಟಿನ ಮೇಲೆ ಸುಳ್ಳು ದೂರು ಬರೆದ್ರೆ?

ಇನ್ನೊಂದು ಅಪಾಯ, ಎಲ್ರೂ ಒಂದೇ ಮರಕ್ಕೆ ಜೋತುಬೀಳೋದು. 2021ರ ಜೂನ್ 8ರಂದು ಫಾಸ್ಟ್ಲಿ ಅನ್ನೋ ಸಿಡಿಎನ್ ಕೆಟ್ಟಾಗ ಗಾರ್ಡಿಯನ್ ಪತ್ರಿಕೆಯಿಂದ ಹಿಡಿದು ಬ್ರಿಟನ್ ಸರ್ಕಾರದ ಸೈಟಿನ ತನಕ ಒಟ್ಟಿಗೆ ಮಲಗಿದ್ವು. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್‌ದೇ ಸರದಿ. ಯಂತ್ರಗಳನ್ನ ಗುರುತಿಸೋ ಒಂದು ಕಡತ ಇರಬೇಕಾದ್ದಕ್ಕಿಂತ ದೊಡ್ಡದಾಗಿ, ಗಂಟೆಗಟ್ಟಲೆ ಜಗತ್ತಿನ ಎಷ್ಟೋ ಸೈಟು ನಿಂತುಹೋಗಿದ್ವು.

ಹಿರಿಯರ ಮಾತಿಗೆ ನಾನು ಕೊಟ್ಟ ಉತ್ತರ ಇಷ್ಟು. ಅಂಗಡಿ ಅವರದೇ ಇರಲಿ, ಮೂಲ ಪ್ರತಿ ನಮ್ಮ ಕೈಯಲ್ಲಿರಲಿ. ಡೊಮೈನನ್ನ ಅವರ ಹತ್ರ ವರ್ಗಾಯಿಸಿಲ್ಲ, ಬೇರೆ ಕಡೆ ಬಳಗದ ಹೆಸರಲ್ಲಿದೆ. ಅವರು ಕೈಕೊಟ್ರೆ ಹಳೇ ನೇಮ್‌ಸರ್ವರ್ ವಾಪಸ್ ಹಾಕಿದ್ರೆ ಸೈಟು ಮೊದಲಿನ ಹಾಗೆ, ನಿಧಾನವಾಗಿಯಾದ್ರೂ, ಬರುತ್ತೆ. ಹಳೇ ಹೆಸರುಗಳನ್ನ ಒಂದು ಹಾಳೆಯಲ್ಲಿ ಬರೆದು ಇಬ್ಬರ ಮನೆಯಲ್ಲಿ ಇಟ್ಟಿದೀವಿ. ಎಲ್ಲ ಪಿಡಿಎಫ್‌ಗಳನ್ನ ಇಂಟರ್ನೆಟ್ ಆರ್ಕೈವಿಗೂ ಏರಿಸಿದೀವಿ. ನಮೂನೆಗಳನ್ನ ವಾಟ್ಸಾಪಿನಲ್ಲಿ ಪ್ರತಿ ತಾಲ್ಲೂಕಿನ ಇಬ್ಬರಿಗೆ ಕಳಿಸಿಟ್ಟಿದೀವಿ. ಅದೂ ಒಂದು ಸಿಡಿಎನ್ನೇ ತಾನೇ.

ಆದ್ರೆ ಒಂದು ವಿಷಯದಲ್ಲಿ ಹಿರಿಯರೇ ಗೆದ್ದರು. ದೌರ್ಜನ್ಯಕ್ಕೆ ಒಳಗಾದವರು ವಿವರ ಬರೆದು ಕಳಿಸೋಕೆ ಸೈಟಿನಲ್ಲಿ ಒಂದು ಫಾರಂ ಇತ್ತು. ಕಿತ್ತಳೆ ಮೋಡ ಹಾಕಿದ್ರೆ ಲಕೋಟೆಯನ್ನ ಮಧ್ಯದಲ್ಲಿ ಅವರು ಬಿಚ್ಚಿ, ಮತ್ತೆ ಅಂಟಿಸಿ ನಮಗೆ ಕಳಿಸ್ತಾರೆ. ವ್ಯವಸ್ಥೆ ಇರೋದೇ ಹಾಗೆ. ಕರಪತ್ರ ಓದೋರ ವಿಷಯದಲ್ಲಿ ಅದು ಅಷ್ಟು ದೊಡ್ಡದಲ್ಲ. ಒಬ್ಬ ಹೆಣ್ಣುಮಗಳು ತನ್ನ ಮೇಲೆ ಕೈಮಾಡಿದವನ ಹೆಸರು, ಊರು ಬರೆದ ಕಾಗದದ ವಿಷಯದಲ್ಲಿ ದೊಡ್ಡದು. ಆ ಫಾರಂ ತೆಗೆದುಬಿಟ್ವಿ. ಈಗ ಅಲ್ಲಿ ಫೋನ್ ನಂಬರು ಮಾತ್ರ ಇದೆ, ಎತ್ತೋದು ಮನುಷ್ಯರು.

ಕೆಲಸ ಆಗ್ತಿದೆಯಾ ಅಂತ ನೋಡೋದು ಸುಲಭ. ಸೈಟಿನ ವಿಳಾಸದ ಮುಂದೆ ಓರೆಗೆರೆ ಹಾಕಿ ಸಿಡಿಎನ್-ಸಿಜಿಐ, ಮತ್ತೊಂದು ಓರೆಗೆರೆ, ಟ್ರೇಸ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಬರೋ ಪಟ್ಟಿಯಲ್ಲಿ ‘ಕೋಲೋ’ ಅನ್ನೋ ಸಾಲು ನೋಡಿ. ಬಿಎಲ್‌ಆರ್ ಅಂತಿದ್ರೆ ನಿಮಗೆ ಪ್ರತಿ ಬಂದದ್ದು ಬೆಂಗಳೂರಿಂದ. ಎಂಎಎ ಚೆನ್ನೈ, ಬಿಒಎಂ ಮುಂಬೈ, ಎಸ್‌ಐಎನ್ ಸಿಂಗಪುರ. ವಿಮಾನ ನಿಲ್ದಾಣಗಳ ಸಂಕೇತಗಳವು. ಯಾವ ಮೊಬೈಲ್ ಕಂಪನಿಯ ಸಿಮ್ ಅನ್ನೋದರ ಮೇಲೆ ಇದು ಬದಲಾಗಬಹುದು, ಗಾಬರಿ ಬೇಡ. ಸಿಂಗಪುರವೂ ಅಮೆರಿಕಕ್ಕಿಂತ ಹತ್ತಿರವೇ.

ಈ ಏಪ್ರಿಲ್ 14ರಂದು ಬೆಳಿಗ್ಗೆ ಮೆರವಣಿಗೆಯಲ್ಲಿದ್ದಾಗ ನಾನು ಹತ್ತು ಸಲವಾದ್ರೂ ಫೋನ್ ತೆಗೆದು ನೋಡಿದ್ದೀನಿ. ಜೊತೆಗಿದ್ದ ನನ್ನ ತಂಗಿ ಬೈದಳು. ಸಂಜೆ ಲೆಕ್ಕ ತೆಗೆದ್ರೆ, ಹಿಂದಿನ ಎರಡು ವರ್ಷಕ್ಕಿಂತ ಹೆಚ್ಚು ಜನ ಬಂದಿದ್ರು, ಹೋಸ್ಟಿಂಗಿನ ತನಕ ಬಂದದ್ದು ಅದರ ಸಣ್ಣ ಪಾಲು. ಉಳಿದದ್ದಕ್ಕೆಲ್ಲ ನಕಲು ಪ್ರತಿಗಳೇ ಉತ್ತರ ಕೊಟ್ಟಿದ್ವು. 15ರಂದು ಪಿಟಿಸಿಎಲ್ ನಮೂನೆ ಡೌನ್‌ಲೋಡ್ ಆಗ್ತಾನೇ ಇತ್ತು. ಹೋಸ್ಟಿಂಗಿನವರಿಂದ ಯಾವ ಪತ್ರವೂ ಬರಲಿಲ್ಲ.

ಮಾನವ ಹಕ್ಕು, ಪತ್ರಿಕೋದ್ಯಮದಲ್ಲಿ ಕೆಲಸ ಮಾಡೋ ಸಂಘಟನೆಗಳಿಗೆ ಪ್ರಾಜೆಕ್ಟ್ ಗೆಲಿಲಿಯೊ ಅಂತ 2014ರಿಂದ ಕ್ಲೌಡ್‌ಫ್ಲೇರ್ ಒಂದು ಯೋಜನೆ ನಡೆಸ್ತಿದೆ. ದಾಳಿಯ ಅಪಾಯ ಇರೋ ಸೈಟುಗಳಿಗೆ ಹೆಚ್ಚಿನ ರಕ್ಷಣೆ ಪುಕ್ಕಟೆ ಕೊಡ್ತಾರೆ. ಅರ್ಜಿ ಹಾಕಬೇಕು, ನಾವು ಯಾರು, ಏನು ಮಾಡ್ತೀವಿ ಅಂತ ಬರೀಬೇಕು. ನಾವಿನ್ನೂ ಹಾಕಿಲ್ಲ. ಬಳಗದಲ್ಲಿ ಚರ್ಚೆ ನಡೀತಿದೆ.

ಬರೋ ಎರಡನೇ ಶನಿವಾರ ಕಚೇರಿ ರಜೆ. ಸೈಟು ಇರೋ ಸಂಗಾತಿಗಳು ಲ್ಯಾಪ್‌ಟಾಪ್ ತಗೊಂಡು ಬಂದ್ರೆ ಕೂತು ಹಾಕಿಕೊಡ್ತೀವಿ, ಜಾಗ ಮೆಸೇಜಿನಲ್ಲಿ ಹೇಳ್ತೀನಿ. ಬರೋ ಮೊದಲು ನಿಮ್ಮ ಡೊಮೈನಿನ ಲಾಗಿನ್ ಯಾರ ಹತ್ರ ಇದೆ ಅಂತ ಪತ್ತೆ ಮಾಡ್ಕೊಂಡು ಬನ್ನಿ. ಹೋದ ಸಲ ಬಂದ ನಾಲ್ಕು ತಂಡದಲ್ಲಿ ಮೂರಕ್ಕೆ ಅದೇ ಗೊತ್ತಿರಲಿಲ್ಲ.